ಹಿಂದಕ್ಕೆ ಮುಖ ಮಾಡಿ ಕೂತ ಡ್ರೈವರ್

ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್ ಸೇರಿಕೊಂಡ ನನ್ನಂಥವರಿಗೆ ಒಂದು ಚಟ ಇರತ್ತೆ. ದಿನವಿಡೀ ಕೋಡು ಕುಟ್ಟಿ, ರಾತ್ರಿ ಊಟ ಆದಮೇಲೆ ಗೇರು, ಶಾಫ್ಟು, ಪಿಸ್ಟನ್ನು ಅಂತ ಓದ್ತಾ ಕೂರೋದು. ಆಫೀಸಿನಲ್ಲಿ ಕೈಗೆ ಗ್ರೀಸ್ ಮೆತ್ತಿಕೊಳ್ಳೋ ಯೋಗ ಇಲ್ವಲ್ಲ, ಅದಕ್ಕೇ ಇರಬೇಕು :-)

ಈಗ ತಲೆಯಲ್ಲಿ ಕೂತಿರೋದು ಪನಾರ್ ಇಬಿಆರ್. ಫ್ರಾನ್ಸಿನ ಪನಾರ್ ಕಂಪನಿ ಎರಡನೇ ಮಹಾಯುದ್ಧದ ನಂತರ ತನ್ನ ದೇಶದ ಸೈನ್ಯಕ್ಕೆ ಮಾಡಿಕೊಟ್ಟ ಉಕ್ಕಿನ ಕವಚದ ಗಾಡಿ. ಕೆಲಸ ಬೇಹು ನೋಡೋದು. ಅಂದರೆ ಎಲ್ಲರಿಗಿಂತ ಮುಂದೆ ಹೋಗಿ, ಶತ್ರು ಎಲ್ಲಿದ್ದಾನೆ ಅಂತ ಪತ್ತೆ ಮಾಡಿ, ಸುದ್ದಿ ಸಮೇತ ವಾಪಸ್ ಬರೋದು. ಇಲ್ಲಿ 'ವಾಪಸ್ ಬರೋದು' ಅನ್ನೋದೇ ಕಷ್ಟದ ಭಾಗ. ಕಿರಿದಾದ ರಸ್ತೆಯಲ್ಲಿ ಎದುರಿಗೆ ಟ್ಯಾಂಕ್ ಕಂಡರೆ ಗಾಡಿ ತಿರುಗಿಸೋಕೆ ಪುರುಸೊತ್ತು ಎಲ್ಲಿ? ಚಿಕ್ಕಪೇಟೆ ಗಲ್ಲಿಯಲ್ಲಿ ಕಾರು ತಿರುಗಿಸಿ ನೋಡಿದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ.

ಅದಕ್ಕೆ ಪನಾರ್‌ನವರು ಮಾಡಿದ್ದೇನು ಗೊತ್ತಾ? ಇಬ್ಬರು ಡ್ರೈವರ್‌ಗಳನ್ನು ಕೂರಿಸಿದರು. ಒಬ್ಬ ಮುಂದೆ, ಇನ್ನೊಬ್ಬ ಹಿಂದೆ, ಹಿಂದಕ್ಕೆ ಮುಖ ಮಾಡಿ. ಅವನಿಗೂ ಪೂರ್ತಿ ಸ್ಟೀರಿಂಗು, ಪೆಡಲ್ಲು. ಗಾಡಿ ಗಂಟೆಗೆ ಸುಮಾರು 105 ಕಿ.ಮೀ. ಹೋಗುತ್ತಿತ್ತು, ಮುಂದಕ್ಕೂ ಹಿಂದಕ್ಕೂ!

ಚಕ್ರ ಎಂಟು. ಮಧ್ಯದ ನಾಲ್ಕು ಲೋಹದವು. ಡಾಂಬರು ರಸ್ತೆಯಲ್ಲಿ ಅವನ್ನು ಮೇಲೆತ್ತಿಕೊಂಡು ನಾಲ್ಕು ಟಯರಿನ ಮೇಲೆ ಓಡೋದು, ಕೆಸರು ಸಿಕ್ಕರೆ ಕೆಳಗಿಳಿಸೋದು. ಗನ್ ಮೇಲೆ-ಕೆಳಗೆ ಆಡಿಸೋಕೆ ಗೋಪುರದ ಮೇಲರ್ಧವೇ ಗನ್ ಸಮೇತ ಬಾಗುತ್ತಿತ್ತು. ಈ ಎಂಟು ಚಕ್ರದ ಯೋಚನೆ ಯುದ್ಧಕ್ಕಿಂತ ಹಳೆಯದು. ಪನಾರ್‌ನ ಮುಖ್ಯ ಇಂಜಿನಿಯರ್ ಲೂಯಿ ದಲಗಾರ್ದ್ ಅವರ ಕಾಲದ ಮೊದಲ ಮಾದರಿ 1939ರದ್ದು. ಮರುವರ್ಷ ಜರ್ಮನ್ನರು ಬಂದರು, ಅದು ಅಲ್ಲಿಗೇ ನಿಂತಿತು. ಯುದ್ಧ ಮುಗಿದಮೇಲೆ ಅದೇ ಯೋಚನೆಯನ್ನು ಮತ್ತೆ ಕೈಗೆತ್ತಿಕೊಂಡು, 1948ರಲ್ಲಿ ಹೊಸ ಮಾದರಿ ಮಾಡಿ, 1960ರ ತನಕ ಹತ್ತಿರ ಹತ್ತಿರ 1200 ಗಾಡಿ ತಯಾರಿಸಿದರು.

ನನಗೆ ಖುಷಿಯೂ ಸಂಕಟವೂ ಆಗೋದು ಇಂಜಿನ್ ನೋಡಿದಾಗ. 12 ಸಿಲಿಂಡರ್, 6 ಲೀಟರ್, 200 ಅಶ್ವಶಕ್ತಿ. ಸಿಲಿಂಡರುಗಳನ್ನೆಲ್ಲ ಮಲಗಿಸಿ ಚಪಾತಿ ತರಹ ಚಪ್ಪಟೆ ಮಾಡಿ ಸಿಪಾಯಿಗಳ ಕಾಲ ಕೆಳಗೆ, ಗೋಪುರದ ಅಡಿಗೆ ತಳ್ಳಿಬಿಟ್ಟಿದ್ದಾರೆ. ಎರಡೂ ತುದಿಯಲ್ಲಿ ಡ್ರೈವರ್ ಕೂತರೆ ಇಂಜಿನ್‌ಗೆ ಬೇರೆ ಜಾಗ ಎಲ್ಲಿದೆ? ಹೀಗಾಗಿ ಗಾಡಿ ಕುಳ್ಳಗಾಯ್ತು, ಸುಲಭಕ್ಕೆ ಕಣ್ಣಿಗೆ ಬೀಳಲ್ಲ. ಆದರೆ ಇಂಜಿನ್ ಕೆಟ್ಟರೆ? ಮೊದಲು ಗೋಪುರ ಎತ್ತಿ ಪಕ್ಕಕ್ಕಿಡಬೇಕು! ಡಿಸೈನ್ ಮಾಡಿದವರಿಗೆ ಚಪ್ಪಾಳೆ, ರಿಪೇರಿ ಮಾಡುವವನಿಗೆ ಕ್ರೇನು. ಯಾರೋ ಬರೆದ ಕೋಡನ್ನು ರಾತ್ರಿ ಎರಡು ಗಂಟೆಗೆ ಬಿಚ್ಚಿ ಕೂತವರಿಗೆ ಈ ನೋವು ಅರ್ಥ ಆಗತ್ತೆ.

ಯಂತ್ರ ಅಂತ ಬರೀ ಮೆಚ್ಚಿಕೊಂಡು ಕೂರೋಕೂ ಆಗಲ್ಲ. ಸ್ವಾತಂತ್ರ್ಯ ಕೇಳಿದ ಅಲ್ಜೀರಿಯಾದವರ ಮೇಲೆ ಫ್ರೆಂಚರು ಇದನ್ನೇ ಛೂ ಬಿಟ್ಟರು. 1970ರ ನವೆಂಬರಿನಲ್ಲಿ ದ ಗಾಲ್ ಶವಪೆಟ್ಟಿಗೆ ಹೊತ್ತಿದ್ದೂ ಗೋಪುರ ತೆಗೆದ ಒಂದು ಇಬಿಆರ್. ಪೋರ್ಚುಗಲ್ ಕೂಡ ಕೊಂಡಿತ್ತು. 1974ರ ಏಪ್ರಿಲ್ 25ರಂದು ಸರ್ವಾಧಿಕಾರ ಕಿತ್ತೊಗೆಯೋಕೆ ಕ್ಯಾಪ್ಟನ್ ಸಲ್ಗೇರು ಮಾಯಾ ಸಾಂತರೇಂನಿಂದ ಲಿಸ್ಬನ್ನಿಗೆ ತಂದ ಪಡೆಯಲ್ಲೂ ಇಬಿಆರ್ ಇತ್ತು. ಸರ್ಕಾರದ ಕಡೆಯ ಟ್ಯಾಂಕಿನವರು 'ಹೊಡೀರಿ' ಅಂದರೂ ಹೊಡೆಯಲಿಲ್ಲ. ಜನ ಸಿಪಾಯಿಗಳ ಬಂದೂಕಿನ ಬಾಯಿಗೆ ಕಾರ್ನೇಶನ್ ಹೂ ಸಿಕ್ಕಿಸಿದರು. 1961ರಲ್ಲೇ ನಮ್ಮದಾಗಿದ್ದ ಪಕ್ಕದ ಗೋವಾವನ್ನು ಪೋರ್ಚುಗಲ್ ಭಾರತದ್ದು ಅಂತ ಒಪ್ಪಿಕೊಂಡಿದ್ದೂ ಈ ಕ್ರಾಂತಿ ಆದಮೇಲೇ, ಅದೇ ವರ್ಷದ ಕೊನೆಗೆ.

ಇಷ್ಟೆಲ್ಲಾ ಓದಿದರೂ ಮನಸ್ಸು ಮಾತ್ರ ಆ ಹಿಂದಿನ ಡ್ರೈವರ್ ಹತ್ತಿರವೇ ಸುತ್ತುತ್ತೆ. ಎಲ್ಲಾ ಸರಿಯಾಗಿ ನಡೆದ ದಿನ ಅವನಿಗೆ ಸ್ಟೀರಿಂಗ್ ಹಿಡಿಯೋ ಕೆಲಸವೇ ಇಲ್ಲ. ಬಂದ ದಾರಿಯನ್ನೇ ನೋಡ್ತಾ ಕೂತಿರಬೇಕು. ನಮ್ಮ ಟೀಮಿನಲ್ಲಿ ನಾನೂ ಇನ್ನೊಬ್ಬ ಗೆಳೆಯನೂ ಅಂಥವರೇ. ಹೊಸ ವರ್ಷನ್ ಕೈಕೊಟ್ಟರೆ ಹತ್ತು ನಿಮಿಷದಲ್ಲಿ ಹಳೆಯದಕ್ಕೆ ತಂದು ನಿಲ್ಲಿಸೋದು ನಮ್ಮ ಕೆಲಸ. ಹೋದ ವರ್ಷ ದೊಡ್ಡ ತೊಂದರೆ ಏನೂ ಆಗಲಿಲ್ಲ. ಅಪ್ರೈಸಲ್‌ನಲ್ಲಿ ಮ್ಯಾನೇಜರ್ ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದ್ರೆ ಇಬ್ಬರು ಯಾಕೆ ಬೇಕು?" ನಾಳೆ ಅದೇ ವಿಷಯಕ್ಕೆ ಮೀಟಿಂಗ್. ಹೋಗಬೇಕಾದವರ ಪಟ್ಟಿಯಲ್ಲಿ ಗೆಳೆಯನ ಹೆಸರಿದೆ. ಅವನಿಗೆ ಮನೆ ಸಾಲ ಇದೆ, ಆರು ತಿಂಗಳ ಮಗು ಇದೆ.

ಮ್ಯಾನೇಜರ್ ಪ್ರಶ್ನೆ ಪೂರ್ತಿ ತಪ್ಪು ಅಂತಲೂ ಅನ್ನೋಕಾಗಲ್ಲ. ಇಬಿಆರ್ ನಂತರ ಬಂದ ಎಎಮ್‌ಎಕ್ಸ್-10 ಆರ್‌ಸಿಯಲ್ಲಿ ಡ್ರೈವರ್ ಒಬ್ಬನೇ. ಒಂದಿಡೀ ಆಳಿನ ಸಂಬಳ, ಜಾಗ, ಎಲ್ಲಾ ಲೆಕ್ಕಕ್ಕೆ ಬರತ್ತೆ. ಆದರೆ ಹಿಂದಿನ ಡ್ರೈವರ್ ಪದ್ಧತಿ ಇಬಿಆರ್‌ಗಿಂತ ಮೊದಲೇ ಇತ್ತು. 1930ರ ದಶಕದ ಪನಾರ್ 178ರಲ್ಲೂ ಒಬ್ಬ ಕೂರುತ್ತಿದ್ದ. ಸುಮ್ಮನೆ ಕೂರುತ್ತಿರಲಿಲ್ಲ, ಗಾಡಿಯ ರೇಡಿಯೋ ಅವನ ಕೈಯಲ್ಲೇ. ಹಿಂದಕ್ಕೆ ಓಡಿಸೋ ಪ್ರಸಂಗ ಬರದ ದಿನವೂ ಅವನು ತಂದ ಸುದ್ದಿಯಿಂದಲೇ ಗಾಡಿಯ ಪ್ರಯಾಣ ಸಾರ್ಥಕ.

ನಾಳೆ ನಾನು ಹೇಳೋಕೆ ಹೊರಟಿರೋದು ಇಷ್ಟೇ. ಸೀಟು ತೆಗೀಬೇಡಿ, ಅವನ ಕೈಗೊಂದು ರೇಡಿಯೋ ಕೊಡಿ. ಸಿಸ್ಟಮ್ ಎಲ್ಲಿ ನರಳ್ತಾ ಇದೆ ಅಂತ ದಿನಾ ನೋಡಿ ಹೇಳೋ ಕೆಲಸ ಈಗ ಯಾರದ್ದೂ ಅಲ್ಲ, ಅದು ಅವನದಾಗಲಿ. ಎರಡು ಪುಟ ಬರೆದಿಟ್ಟಿದ್ದೀನಿ, ಅದರಲ್ಲಿ ಪನಾರ್ ಹೆಸರು ಮಾತ್ರ ಹಾಕಿಲ್ಲ :-)

ನಿಮ್ಮ ಆಫೀಸಿನಲ್ಲೂ ಹೀಗೆ ಹಿಂದಕ್ಕೆ ಮುಖ ಮಾಡಿ ಕೂತವರು ಇದ್ದಾರಾ? ಅವರನ್ನ ಹೇಗೆ ಉಳಿಸಿಕೊಂಡ್ರಿ? ಇವತ್ತು ರಾತ್ರಿಯೊಳಗೆ ಹೇಳಿದರೆ ಮೂರನೇ ಪುಟಕ್ಕೆ ಸೇರಿಸ್ತೀನಿ.