ನಾಲಗೆ ತುದಿಯ ಉತ್ತರ

ಕೆಲಸ ಚೆನ್ನಾಗಿ ಬಲ್ಲವರನ್ನೇ ಹುಡುಕಿ ಮ್ಯಾನೇಜರ್ ಮಾಡುತ್ತಾರೆ ನೋಡಿ, ತೊಡಕು ಶುರುವಾಗುವುದೇ ಅಲ್ಲಿಂದ. ಉತ್ತರ ನಾಲಗೆ ತುದಿಯಲ್ಲೇ ಇರುವವರಿಗೆ ಸುಮ್ಮನಿರುವುದು ನಿರ್ಜಲ ಏಕಾದಶಿಗಿಂತ ಕಠಿಣವಾದ ವ್ರತ. ಹುಡುಗನೊಬ್ಬ ಫೈಲು ಹಿಡಿದು ಬಂದು ‘ಸಾರ್, ಇದು...’ ಎನ್ನುವಷ್ಟರಲ್ಲಿ ಪರಿಹಾರ ಹೊರಬಿದ್ದಿರುತ್ತದೆ; ಅಲ್ಲಿಗೆ ಅವನ ಕೆಲಸ ಮುಗಿಯಿತು, ಕಲಿಕೆಯೂ ಮುಗಿಯಿತು, ನಾಳೆ ಮತ್ತೆ ಅದೇ ಫೈಲು, ಅದೇ ಸಾರ್.

ನಾನು ಬ್ಯಾಂಕಿಗೆ ಸೇರಿದ್ದು ದಪ್ಪ ಲೆಡ್ಜರುಗಳ ಕಾಲದಲ್ಲಿ. ಸಂಜೆ ಡೇ ಬುಕ್ಕಿನ ಎರಡೂ ಬದಿ ತಾಳೆಯಾಗದೆ ಯಾರೂ ಮನೆಗೆ ಹೊರಡುವಂತಿರಲಿಲ್ಲ. ಒಂದು ಸಂಜೆ ಹೊಸದಾಗಿ ಸೇರಿದ್ದ ಹುಡುಗಿಯ ಲೆಕ್ಕದಲ್ಲಿ 450 ರೂಪಾಯಿ ವ್ಯತ್ಯಾಸ. ಆ ಅಂಕಿ ಕಂಡ ಕೂಡಲೇ ನಮ್ಮ ಮ್ಯಾನೇಜರಿಗೆ ಗುಟ್ಟು ಹೊಳೆದಿತ್ತು. ಆದರೂ ಕುರ್ಚಿ ಎಳೆದು ಕೂತು, ‘ಏನಮ್ಮಾ, ಇಲ್ಲೀತನಕ ಏನೇನು ನೋಡಿದ್ದೀಯಾ?’ ಎಂದರು.

‘ಕೂಡಿದ್ದೆಲ್ಲ ಎರಡೆರಡು ಸಲ ನೋಡಿದೆ ಸಾರ್.’

‘450ನ್ನು ಒಂಬತ್ತರಿಂದ ಭಾಗಿಸು, ನೋಡೋಣ.’

‘ಐವತ್ತು. ಶೇಷ ಉಳಿಯಲ್ಲ.’

‘ಹಾಗಾದರೆ ಅಂಕಿಗಳಿಗೆ ಏನಾಗಿರಬಹುದು?’

ಆಮೇಲೆ ಅವರು ತುಟಿ ಬಿಚ್ಚಲಿಲ್ಲ. ಆಕೆ ಹಾಳೆಯ ಮೇಲೆ ಏನೇನೋ ಗೀಚಿ, ಥಟ್ಟನೆ ವೋಚರುಗಳ ಕಟ್ಟು ಬಿಚ್ಚಿದಳು. 720 ಎಂದಿದ್ದದ್ದು ಪುಸ್ತಕಕ್ಕೆ 270 ಆಗಿ ಏರಿತ್ತು! ಪಕ್ಕಪಕ್ಕದ ಅಂಕಿಗಳು ಅದಲುಬದಲಾದರೆ ವ್ಯತ್ಯಾಸ ಒಂಬತ್ತರ ಮಗ್ಗಿಗೆ ಬೀಳುತ್ತದೆಂಬ ಸೂತ್ರ ಅಂದಿನಿಂದ ಆಕೆಯ ಸ್ವಯಾರ್ಜಿತ ಆಸ್ತಿ.

ನಮ್ಮೂರ ಬಾವಿಯಲ್ಲಿ ಈಜು ಕಲಿಸುತ್ತಿದ್ದ ಸೋದರಮಾವನದೂ ಇದೇ ಶಾಸ್ತ್ರ. ಸೊಂಟಕ್ಕೆ ಬೆಂಡು ಕಟ್ಟಿ ಇಳಿಸುತ್ತಿದ್ದ. ದಿನ ಕಳೆದಂತೆ ನಮಗೆ ಹೇಳದೆಯೇ ಒಂದೊಂದು ತುಂಡು ತೆಗೆಯುತ್ತಿದ್ದ. ತಾನು ಮಾತ್ರ ನೀರಿನಲ್ಲೇ, ಕೈಗೆಟಕುವಷ್ಟು ಹತ್ತಿರದಲ್ಲೇ ಇರುತ್ತಿದ್ದ.

ಅತ್ತ ಅಮೆರಿಕದಲ್ಲಿ ಟೆನಿಸ್ ಕಲಿಸುತ್ತಿದ್ದ ಟಿಮೊಥಿ ಗಾಲ್ವೆ 1974ರಲ್ಲಿ ಇದರ ಬಗ್ಗೆಯೇ ಪುಸ್ತಕ ಬರೆದರು: ಸೂಚನೆ ಹೆಚ್ಚಿದಷ್ಟೂ ಆಟಗಾರನ ಮೈ ಬಿಗಿಯುತ್ತದೆ, ಚೆಂಡಿನ ಮೇಲೆ ಗಮನ ನಿಲ್ಲಿಸಿದರೆ ಮೈ ತಾನೇ ಕಲಿಯುತ್ತದೆ. ಆ ವಿಚಾರವನ್ನು ಕಚೇರಿಗಳಿಗೆ ತಂದವರಲ್ಲಿ ಪ್ರಮುಖರು, ಮೊದಲು ಕಾರು ರೇಸಿನಲ್ಲಿದ್ದ ಬ್ರಿಟನ್ನಿನ ಜಾನ್ ವ್ಹಿಟ್‌ಮೋರ್. 1992ರ ಅವರ ಪುಸ್ತಕದ ಸಾರ ನಾಲ್ಕು ಪ್ರಶ್ನೆ: ಎಲ್ಲಿಗೆ ಹೋಗಬೇಕು, ಈಗ ಎಲ್ಲಿದ್ದೀರಿ, ಯಾವ್ಯಾವ ದಾರಿಗಳಿವೆ, ಯಾವುದನ್ನು ಯಾವಾಗ ಹಿಡಿಯುತ್ತೀರಿ?

ಹಾಗೆಂದು ಎಲ್ಲದಕ್ಕೂ ಪ್ರಶ್ನೆಯೇ ಮದ್ದಲ್ಲ. ತಿಜೋರಿಯ ಎರಡು ಕೀಲಿ ಇಬ್ಬರ ಕೈಯಲ್ಲೇ ಇರಬೇಕೆಂಬುದನ್ನು ಹೇಳಿಬಿಡಬೇಕು, ಚರ್ಚೆ ಬೇಡ. ನಿನ್ನೆ ಮೊನ್ನೆ ಸೇರಿದವರನ್ನು ‘ನಿಮಗೇನನ್ನಿಸುತ್ತೆ?’ ಎಂದು ಕೇಳುತ್ತಾ ಕೂತರೆ ಅದು ಹಿಂಸೆ. ಮೊದಲು ಮಾಡಿ ತೋರಿಸಬೇಕು, ಕೇಳುವುದು ಆಮೇಲೆ. ಇನ್ನು ಪುರುಸೊತ್ತಿನ ಮಾತು. ಆ ಸಂಜೆ ಹಿಡಿದದ್ದು ಕಾಲು ಗಂಟೆ ಇದ್ದೀತು. ಮುಂದೆ ಶಾಖೆಯಲ್ಲಿ ಯಾರ ಲೆಕ್ಕ ತಪ್ಪಿದರೂ ಎಲ್ಲರೂ ಕರೆಯುತ್ತಿದ್ದದ್ದು ಆಕೆಯನ್ನೇ. ಇಂಥವರನ್ನು ತಯಾರು ಮಾಡಿಟ್ಟುಕೊಂಡ ಮ್ಯಾನೇಜರು ನಿಶ್ಚಿಂತೆಯಿಂದ ರಜೆ ಹಾಕಿ, ಮಗಳ ಮದುವೆ ಮುಗಿಸಿಕೊಂಡು ಬರಬಹುದು.