ಗೋಡೆಯ ಬದಿಯ ಮೇಜು

ಲಾಸ್ ಏಂಜಲೀಸ್ ನಗರದ ವಿಲ್‌ಷೈರ್ ಮಾರ್ಗವು ಪೇಟೆಯ ನಡುವಿನಿಂದ ಹೊರಟು, ಸುಮಾರು 16 ಮೈಲಿ ಪಶ್ಚಿಮಾಭಿಮುಖವಾಗಿ ಸಾಗಿ, ಪೆಸಿಫಿಕ್ ಸಾಗರದ ದಂಡೆಯಲ್ಲಿ ಕೊನೆಗಾಣುತ್ತದೆ. ಚಲನಚಿತ್ರಗಳ ರಾಜಧಾನಿಯನ್ನು ಕಾಣಬೇಕೆಂದು ದೂರದೇಶದಿಂದ ಬಂದ ಪ್ರವಾಸಿಗೆ ಈ ಹಾದಿಯ ಮೊದಲ ಕೆಲವು ಮೈಲಿಗಳಲ್ಲಿ ಕಣ್ಣಿಗೆ ಬೀಳುವುದು ಬ್ಯಾಂಕುಗಳು, ಕಚೇರಿಗಳು, ಕೊರಿಯಾದವರ ಅಂಗಡಿಗಳು ಮತ್ತು ಭೋಜನಶಾಲೆಗಳು. ಅವುಗಳ ನಡುವೆ ಒಂದು ವಿಶಾಲವಾದ ಸರ್ಕಾರಿ ಶಾಲೆ. ಬೆನ್ನಿಗೆ ಚೀಲ ತೂಗುಹಾಕಿಕೊಂಡ ಮಕ್ಕಳು ಗುಂಪುಗುಂಪಾಗಿ ಅದರೊಳಗೆ ಹೋಗುತ್ತಾರೆ. ಹಾಲಿವುಡ್ಡಿನ ವೈಭವಕ್ಕೂ ಈ ಶಾಲೆಗೂ ಏನು ನಂಟು ಎಂದು ಕೇಳಿದರೆ ಉತ್ತರ ಆ ನೆಲದಡಿಯಲ್ಲೇ ಹೂತುಹೋಗಿದೆ. 1921ರಿಂದ 1989ರವರೆಗೆ ಇದೇ ನಿವೇಶನದಲ್ಲಿ ಅಂಬಾಸಡರ್ ಹೋಟೆಲು ನಡೆಯುತ್ತಿತ್ತು.

ಹೋಟೆಲಿನಷ್ಟೇ ಹೆಸರಾಗಿದ್ದುದು ಅದರೊಳಗಿನ ‘ಕೋಕೋನಟ್ ಗ್ರೋವ್’, ಎಂದರೆ ತೆಂಗಿನ ತೋಪು, ಎಂಬ ನರ್ತನ ಭೋಜನಶಾಲೆ. ಕರಾವಳಿಯ ಓದುಗರಿಗೆ ಈ ಹೆಸರು ಕೇಳಿ ನಗು ಬಂದೀತು. ಏಕೆಂದರೆ ಆ ತೋಪಿನ ಮರಗಳೆಲ್ಲ ಕೃತಕವಾದವು. ಮರಗಳ ಮೇಲೆ ಗೊಂಬೆ ಕೋತಿಗಳು, ಕೋತಿಗಳ ಕಣ್ಣುಗಳಲ್ಲಿ ವಿದ್ಯುದ್ದೀಪಗಳು. ರುಡಾಲ್ಫ್ ವ್ಯಾಲೆಂಟಿನೋ ನಟಿಸಿದ ‘ದ ಷೇಕ್’ ಚಿತ್ರದ ಸೆಟ್ಟಿನಿಂದ ಆ ಮರಗಳನ್ನು ತಂದರೆಂದು ಪ್ರತೀತಿ. ಚಿತ್ರರಂಗದ ಗಣ್ಯರೆಲ್ಲ ಉಂಡು ಕುಣಿದು ಹೋಗುತ್ತಿದ್ದ ಈ ಸಭಾಂಗಣದಲ್ಲಿ ಅಕಾಡೆಮಿ ಪ್ರಶಸ್ತಿಗಳ ಸಮಾರಂಭವೂ ಹಲವು ಬಾರಿ ಜರುಗಿತು. ಅವುಗಳಲ್ಲಿ 1940ರ ಫೆಬ್ರವರಿ 29ರ ರಾತ್ರಿಯನ್ನು ಮರೆಯುವಂತಿಲ್ಲ.

ಅಂದು ಎಲ್ಲರ ಬಾಯಲ್ಲೂ ‘ಗಾನ್ ವಿತ್ ದ ವಿಂಡ್’ ಚಿತ್ರದ್ದೇ ಮಾತು. ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್, ನಾಯಕಿ ವಿವಿಯನ್ ಲೀ, ಒಲಿವಿಯಾ ಡಿ ಹ್ಯಾವಿಲೆಂಡ್ ಮೊದಲಾದವರು ಮುಂಭಾಗದ ದೊಡ್ಡ ಮೇಜಿನ ಸುತ್ತ ಆಸೀನರಾಗಿದ್ದರು. ಅದೇ ಚಿತ್ರದ ಇನ್ನೊಬ್ಬ ನಟಿ ಹ್ಯಾಟಿ ಮ್ಯಾಕ್‌ಡೇನಿಯಲ್ ಮಾತ್ರ ಆ ಮೇಜಿನಲ್ಲಿರಲಿಲ್ಲ. ಆಕೆ ಕರಿಯ ಜನಾಂಗದವರು; ಹೋಟೆಲು ಆ ಜನಾಂಗದವರನ್ನು ಅತಿಥಿಗಳಾಗಿ ಒಳಗೆ ಬಿಡುತ್ತಿರಲಿಲ್ಲ. ಸೆಲ್ಜ್‌ನಿಕ್ ವಿಶೇಷವಾಗಿ ಕೇಳಿಕೊಂಡ ಮೇಲೆ ಬಾಗಿಲೇನೋ ತೆರೆಯಿತು. ಆದರೆ ಆಕೆಗೆ ಇಟ್ಟಿದ್ದುದು ದೂರದ ಗೋಡೆಯ ಬದಿಯ ಒಂದು ಸಣ್ಣ ಮೇಜು. ಜೊತೆಗೆ ಬಂದಿದ್ದ ಸಂಗಾತಿ ಮತ್ತು ವ್ಯವಹಾರ ನೋಡಿಕೊಳ್ಳುತ್ತಿದ್ದ ಪ್ರತಿನಿಧಿ, ಇವರಿಬ್ಬರೇ ಆ ಮೇಜಿನ ಮಿಕ್ಕ ಅತಿಥಿಗಳು.

ಹಿಂದಿನ ವರ್ಷದ ಪೋಷಕ ನಟಿ ಫೇ ಬೇಯ್ನ್ಟರ್ ವೇದಿಕೆಯಿಂದ ಹೆಸರನ್ನು ಘೋಷಿಸಿದಾಗ ಹ್ಯಾಟಿ ಆ ಗೋಡೆಯ ಬದಿಯಿಂದ ಎದ್ದು, ಎಲ್ಲ ಮೇಜುಗಳನ್ನೂ ದಾಟಿ ಮುಂದೆ ಬಂದರು. ಮುಡಿಯಲ್ಲಿ ನಂದಿಬಟ್ಟಲನ್ನು ಹೋಲುವ ಬಿಳಿಯ ಗಾರ್ಡೀನಿಯಾ ಹೂಗಳಿದ್ದುವು. ಚಪ್ಪಾಳೆಯ ನಡುವೆ ಕೆಲವೇ ಮಾತಾಡಿ, ತನ್ನ ಜನಾಂಗಕ್ಕೂ ಚಿತ್ರೋದ್ಯಮಕ್ಕೂ ಎಂದೆಂದಿಗೂ ಗೌರವ ತರುವಂತಾಗಲೆಂದು ಹಾರೈಸಿ, ಗಂಟಲು ಕಟ್ಟಿ ಕಣ್ಣೊರೆಸಿಕೊಳ್ಳುತ್ತ ಕೆಳಗಿಳಿದರು. ಅಕಾಡೆಮಿ ಪ್ರಶಸ್ತಿಯನ್ನು ಗೆದ್ದ ಮೊದಲ ಕರಿಯ ಕಲಾವಿದೆ ಆಕೆ. ಆ ಪ್ರಶಸ್ತಿಗೆ ನಾಮಕರಣಗೊಂಡವರಲ್ಲಿಯೂ ಮೊದಲಿಗರು. ಸೋತವರಲ್ಲಿ ಒಬ್ಬರು ಅದೇ ಚಿತ್ರದ ಒಲಿವಿಯಾ ಡಿ ಹ್ಯಾವಿಲೆಂಡ್. ಇನ್ನೊಬ್ಬ ಕರಿಯ ನಟಿಗೆ ಇದೇ ಪ್ರಶಸ್ತಿ ದೊರೆತದ್ದು 51 ವರ್ಷಗಳ ಬಳಿಕ, 1991ರಲ್ಲಿ, ‘ಘೋಸ್ಟ್’ ಚಿತ್ರಕ್ಕಾಗಿ ವೂಪಿ ಗೋಲ್ಡ್‌ಬರ್ಗ್ ಅವರಿಗೆ.

ಹ್ಯಾಟಿಯವರ ಕೈಗೆ ಬಂದದ್ದು ಜಗತ್ಪ್ರಸಿದ್ಧವಾದ ಆ ಹೊನ್ನಿನ ಬಣ್ಣದ ಪ್ರತಿಮೆಯಲ್ಲ. ಪೋಷಕ ಪಾತ್ರಗಳಿಗೆ ಪ್ರಶಸ್ತಿ ಕೊಡುವ ಪದ್ಧತಿ ಆರಂಭವಾದುದೇ 1937ರಲ್ಲಿ, ಪೇಟೆಯ ನಡುವಿನ ಬಿಲ್ಟ್‌ಮೋರ್ ಹೋಟೆಲಿನ ಭೋಜನಕೂಟದಲ್ಲಿ. ‘ಆಂಥನಿ ಅಡ್ವರ್ಸ್’ ಚಿತ್ರದ ಗೇಲ್ ಸಾಂಡರ್‌ಗಾರ್ಡ್ ಮೊದಲ ವಿಜೇತೆ. ನಾಯಕ ನಾಯಕಿಯರಿಗೆ ಪೂರ್ಣಪ್ರತಿಮೆ, ಪೋಷಕರಿಗೆ ಐದೂವರೆ ಅಂಗುಲದಷ್ಟರ ಒಂದು ಫಲಕ! ಮದುವೆಮನೆಯ ಎರಡನೆಯ ಪಂಕ್ತಿಯವರಿಗೆ ಬಡಿಸಿದಂತಹ ಈ ಭೇದ ಏಳು ವರ್ಷ ನಡೆಯಿತು. ಅಂಬಾಸಡರ್ ಹೋಟೆಲಿನ ಕಟ್ಟಡವನ್ನು ಕೆಡವಿದ್ದು 2005-06ರಲ್ಲಿ. 1968ರ ಜೂನ್ 5ರಂದು ಸೆನೆಟರ್ ರಾಬರ್ಟ್ ಕೆನೆಡಿ ಅದರ ಅಡುಗೆಮನೆಯ ಬಳಿ ಗುಂಡೇಟಿಗೆ ಗುರಿಯಾದುದರಿಂದ ಶಾಲೆಗೆ ಅವರ ಹೆಸರನ್ನೇ ಇಡಲಾಗಿದೆ. ಹಳೆಯ ಕಟ್ಟಡದ ಕಾಫಿ ಕೋಣೆಯನ್ನು ಶಾಲೆಯವರು ಉಳಿಸಿಕೊಂಡಿದ್ದಾರೆ. ಅದನ್ನು ರೂಪಿಸಿದವರು ಪಾಲ್ ವಿಲಿಯಮ್ಸ್ ಎಂಬ ಕರಿಯ ವಾಸ್ತುಶಿಲ್ಪಿ. ಬಿಳಿಯ ಗಿರಾಕಿಗಳು ತನ್ನ ಪಕ್ಕದಲ್ಲಿ ಕುಳಿತುಕೊಳ್ಳಲು ಸಂಕೋಚಪಟ್ಟಾರೆಂದು, ಮೇಜಿನ ಈಚೆ ಬದಿಯಲ್ಲಿಯೇ ಇದ್ದು ನಕ್ಷೆಯನ್ನು ತಲೆಕೆಳಗಾಗಿ ಬಿಡಿಸಲು ಕಲಿತವರು.

ಆ ಅಭಿನಯ ರೂಪುಗೊಂಡ ಸ್ಥಳವನ್ನು ಕಾಣಬೇಕಾದರೆ ನೈಋತ್ಯಕ್ಕೆ, ಕಲ್ವರ್ ಸಿಟಿಗೆ ಹೋಗಬೇಕು. ಬಿಳಿಯ ಕಂಬಗಳ ಸೆಲ್ಜ್‌ನಿಕ್ ಸ್ಟುಡಿಯೋ ಮಹಲು ಇಂದಿಗೂ ಅಲ್ಲಿದೆ. ಅದರ ಹಿಂದಿನ ಬಯಲಿನಲ್ಲಿ 1938ರ ಡಿಸೆಂಬರಿನ ಒಂದು ರಾತ್ರಿ ಹಳೆಯ ಸೆಟ್ಟುಗಳಿಗೆ ಬೆಂಕಿಯಿಟ್ಟು ಅಟ್ಲಾಂಟಾ ನಗರದ ದಹನವನ್ನು ಚಿತ್ರೀಕರಿಸಿದರು. ಆದರೆ ಪ್ರೇಕ್ಷಕರ ಮನಸ್ಸಿನಲ್ಲಿ ನಿಂತಿರುವುದು ಬೆಂಕಿಗಿಂತ ಒಂದು ಮೆಟ್ಟಿಲ ಸಾಲು. ಮನೆಯ ಪುಟ್ಟ ಮಗು ಕುದುರೆಯಿಂದ ಬಿದ್ದು ಸತ್ತಿದೆ. ತಂದೆ ಶವವನ್ನು ಮಣ್ಣು ಮಾಡಲು ಬಿಡದೆ ಕೋಣೆಯ ಬಾಗಿಲು ಹಾಕಿಕೊಂಡಿದ್ದಾನೆ. ಸಾಂತ್ವನ ಹೇಳಲು ಬಂದ ಮೆಲನಿಯನ್ನು ಮ್ಯಾಮಿ ಎಂಬ ಮುದಿ ದಾಸಿ ಮೆಟ್ಟಿಲುಗಳ ಮೇಲೆ ಕರೆದೊಯ್ಯುತ್ತಾಳೆ. ಹತ್ತುತ್ತ ಹತ್ತುತ್ತಲೇ ನಡೆದುದನ್ನೆಲ್ಲ ಹೇಳುತ್ತಾಳೆ. ಕ್ಯಾಮೆರಾ ಅವರ ಜೊತೆಯಲ್ಲೇ ಮೇಲೇರುತ್ತದೆ. ಸತ್ತ ಮಗುವಾಗಲಿ ದುಃಖಿತ ತಂದೆಯಾಗಲಿ ಆಗ ತೆರೆಯ ಮೇಲಿಲ್ಲ. ಆ ಮನೆಯ ದುಃಖವೆಲ್ಲ ಒಬ್ಬ ಸೇವಕಿಯ ಏದುಸಿರಿನಲ್ಲಿ, ಒಡೆದ ದನಿಯಲ್ಲಿ, ಕಣ್ಣೀರಿನಲ್ಲಿ ಬರಬೇಕು, ಬರುತ್ತದೆ. ಅದುವರೆಗೆ ಗದರಿಸುವುದಕ್ಕೂ ನಗಿಸುವುದಕ್ಕೂ ಇದ್ದ ಪಾತ್ರ ಆ ಮೆಟ್ಟಿಲುಗಳೊಳಗೆ ಇಡೀ ಸಂಸಾರದ ಹಿರಿಯಳಾಗಿ ನಿಲ್ಲುತ್ತದೆ. ಪೋಷಕ ನಟಿ ಎಂಬ ಮಾತಿಗೆ ಅರ್ಥ ಬೇಕಾದವರು ಈ ಒಂದು ದೃಶ್ಯವನ್ನು ನೋಡಿದರೆ ಸಾಕು.

ಇಷ್ಟಾದರೂ ಚಿತ್ರ 1939ರ ಡಿಸೆಂಬರ್ 15ರಂದು ಅಟ್ಲಾಂಟಾದಲ್ಲಿ ಮೊದಲು ತೆರೆಕಂಡಾಗ ಹ್ಯಾಟಿ ಅಲ್ಲಿಗೆ ಹೋಗುವಂತಿರಲಿಲ್ಲ. ಜಾರ್ಜಿಯಾ ಸಂಸ್ಥಾನದ ವರ್ಣಭೇದದ ಕಟ್ಟಳೆಗಳು ಅಡ್ಡ ನಿಂತುವು. ಪ್ರಶಸ್ತಿಯ ನಂತರವೂ ಆಕೆಗೆ ದೊರೆತದ್ದು ಹೆಚ್ಚಾಗಿ ಮನೆಗೆಲಸದವಳ ಪಾತ್ರಗಳೇ. ಕರಿಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ವಾಲ್ಟರ್ ವೈಟ್ ಮುಂತಾದವರು ಇಂತಹ ಪಾತ್ರಗಳು ಜನಾಂಗವನ್ನು ಕೀಳುಗೈಯುತ್ತವೆಂದು ಆಕ್ಷೇಪಿಸಿದರು. ವಾರಕ್ಕೆ 7 ಡಾಲರಿಗೆ ಮನೆಗೆಲಸ ಮಾಡುವುದಕ್ಕಿಂತ 700 ಡಾಲರಿಗೆ ಅದರ ವೇಷ ಹಾಕುವುದು ಲೇಸೆಂದು ಆಕೆ ಉತ್ತರಿಸಿದರೆಂದು ಹೇಳುವುದುಂಟು. ಅದು ಬರಿಯ ಚಮತ್ಕಾರದ ಮಾತಲ್ಲ. ಬಡಕುಟುಂಬದ ಹದಿಮೂರು ಮಕ್ಕಳಲ್ಲಿ ಕೊನೆಯವರಾಗಿ ಹುಟ್ಟಿದ ಹ್ಯಾಟಿ ಮಿಲ್ವಾಕಿಯಲ್ಲಿ ಶೌಚಗೃಹದ ಪರಿಚಾರಿಕೆಯಾಗಿ ದುಡಿದವರು; ಲಾಸ್ ಏಂಜಲೀಸಿಗೆ ಬಂದ ಹೊಸತರಲ್ಲಿ ಮನೆಗೆಲಸವನ್ನೂ ಮಾಡಿದವರು. ಎರಡು ಕಡೆಯ ಮಾತಿನಲ್ಲೂ ಹುರುಳಿದೆ. ತಪ್ಪು ಪಾತ್ರಗಳನ್ನು ಬರೆಯುತ್ತಿದ್ದವರದು. ದೂಷಣೆ ಮಾತ್ರ ಅಭಿನಯಿಸುತ್ತಿದ್ದವರಿಗೆ ಬಂತು.

ಕಲ್ವರ್ ಸಿಟಿಯಿಂದ ಪೇಟೆಯ ಕಡೆಗೆ ಹಿಂದಿರುಗುವಾಗ ವೆಸ್ಟ್ ಆಡಮ್ಸ್ ಬಡಾವಣೆ ಸಿಗುತ್ತದೆ. ಅದರ ಒಂದು ದಿಬ್ಬಕ್ಕೆ ‘ಷುಗರ್ ಹಿಲ್’ ಎಂಬ ಅಡ್ಡಹೆಸರು. 1940ರ ದಶಕದಲ್ಲಿ ಹ್ಯಾಟಿ ಇಲ್ಲಿ ದೊಡ್ಡದೊಂದು ಮನೆಯನ್ನು ಕೊಂಡರು. ಲೂಯಿಸ್ ಬೀವರ್ಸ್, ಎಥೆಲ್ ವಾಟರ್ಸ್ ಮೊದಲಾದ ಕರಿಯ ಕಲಾವಿದರೂ ನೆರೆಯಲ್ಲಿ ನೆಲೆಸಿದರು. ಅಲ್ಲಿನ ಕ್ರಯಪತ್ರಗಳಲ್ಲಿ, ಕರಿಯರಿಗೆ ಮನೆ ಮಾರಕೂಡದೆಂಬ ಷರತ್ತು ಇತ್ತು. ಕೆಲವು ಬಿಳಿಯ ನೆರೆಯವರು ಆ ಷರತ್ತನ್ನು ಹಿಡಿದು ಇವರನ್ನೆಲ್ಲ ಎಬ್ಬಿಸಲು ದಾವೆ ಹೂಡಿದರು. ಕರಿಯರ ಪರವಾಗಿ ವಾದಿಸಿದವರು ಲಾರೆನ್ ಮಿಲ್ಲರ್. ನ್ಯಾಯಾಧೀಶ ಥರ್ಮಂಡ್ ಕ್ಲಾರ್ಕ್ ತಾವೇ ಬಡಾವಣೆಗೆ ಹೋಗಿ ನೋಡಿಬಂದು, 1945ರ ಡಿಸೆಂಬರಿನಲ್ಲಿ ಸಂವಿಧಾನದ 14ನೆಯ ತಿದ್ದುಪಡಿಯ ಆಧಾರದ ಮೇಲೆ ದಾವೆಯನ್ನು ವಜಾ ಮಾಡಿದರು. ಮೂರು ವರ್ಷಗಳ ಬಳಿಕ ಅಮೆರಿಕದ ಸರ್ವೋಚ್ಚ ನ್ಯಾಯಾಲಯವೂ ಇಂತಹ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಕೂಡದೆಂದು ತೀರ್ಪಿತ್ತಿತು. ತೆರೆಯ ಮೇಲೆ ಸದಾ ಪರರ ಮನೆಯ ಬಾಗಿಲು ಕಾಯುತ್ತಿದ್ದ ನಟಿ ತನ್ನ ಮನೆಯ ಬಾಗಿಲನ್ನು ಹೀಗೆ ಉಳಿಸಿಕೊಂಡರು. ಮುಂದೆ 1960ರ ದಶಕದಲ್ಲಿ ಸಾಂಟಾ ಮೋನಿಕಾ ಹೆದ್ದಾರಿ ಬಂದು ಆ ದಿಬ್ಬವನ್ನು ಸೀಳಿಕೊಂಡು ಹೋಯಿತು. ಹ್ಯಾಟಿಯವರ ಮನೆ ಉಳಿದಿದೆ. ಮೋಟಾರುಗಳ ಭೋರ್ಗರೆತ ಹಗಲಿರುಳೂ ಕೇಳುತ್ತದೆ.

ಅಲ್ಲಿಂದ ಅನತಿದೂರದಲ್ಲಿಯೇ ರೋಸ್‌ಡೇಲ್ ರುದ್ರಭೂಮಿ. ಎಲ್ಲ ಜನಾಂಗ, ಎಲ್ಲ ಮತದವರಿಗೂ ತೆರೆದಿದ್ದ ಆ ಊರಿನ ಮೊದಲ ಶ್ಮಶಾನವಿದು. ಹ್ಯಾಟಿ 1952ರ ಅಕ್ಟೋಬರ್ 26ರಂದು ಸ್ತನದ ಅರ್ಬುದ ರೋಗದಿಂದ, ಚಿತ್ರರಂಗದವರಿಗಾಗಿಯೇ ವುಡ್‌ಲೆಂಡ್ ಹಿಲ್ಸ್‌ನಲ್ಲಿ ಕಟ್ಟಿದ್ದ ಆರೋಗ್ಯಧಾಮದಲ್ಲಿ ತೀರಿಕೊಂಡರು. ಹಾಲಿವುಡ್ಡಿನ ಶ್ಮಶಾನದಲ್ಲಿ ತನ್ನನ್ನು ಮಣ್ಣು ಮಾಡಬೇಕೆಂಬುದು ಆಕೆಯ ಕೊನೆಯ ಕೋರಿಕೆಯಾಗಿತ್ತು. ಅಲ್ಲಿನವರು ಬಣ್ಣದ ಕಾರಣದಿಂದ ಒಪ್ಪಲಿಲ್ಲ. ರೋಸ್‌ಡೇಲ್ ಒಪ್ಪಿಕೊಂಡಿತು.

ಉತ್ತರಕ್ಕೆ, ನಿಜವಾದ ಹಾಲಿವುಡ್ಡಿಗೆ ಬಂದರೆ ಪ್ರವಾಸಿಗರ ಜಂಗುಳಿ. ಚೀನೀ ದೇಗುಲದ ಮಾದರಿಯ ಗ್ರೌಮನ್ ಚಿತ್ರಮಂದಿರದ ಅಂಗಳದಲ್ಲಿ, ಸಿಮೆಂಟಿನಲ್ಲಿ ಮೂಡಿದ ತಾರೆಯರ ಹೆಜ್ಜೆಗಳಿಗೆ ತಮ್ಮ ಹೆಜ್ಜೆಯನ್ನು ಹೊಂದಿಸಿ ನೋಡುವವರೇ ಎಲ್ಲರೂ. 1944ರ ಮಾರ್ಚ್ 2ರಂದು ಇಲ್ಲಿಯೇ ಪೋಷಕ ಕಲಾವಿದರಿಗೂ ಮೊದಲ ಬಾರಿಗೆ ಪೂರ್ಣಪ್ರತಿಮೆ ದೊರೆಯಿತು. ಪಡೆದ ನಟಿ ಗ್ರೀಸಿನ ಕಟೀನಾ ಪಾಕ್ಸಿನೂ. ಆಕೆಯ ತಾಯ್ನಾಡು ಆಗ ನಾಜಿಗಳ ವಶದಲ್ಲಿತ್ತು. ಬದುಕಿದ್ದಾರೋ ಇಲ್ಲವೋ ತಿಳಿಯದ ಅಥೆನ್ಸಿನ ರಂಗಮಂದಿರದ ಒಡನಾಡಿಗಳ ಹೆಸರಿನಲ್ಲಿ ಆಕೆ ಅದನ್ನು ಸ್ವೀಕರಿಸಿದರು. ಅದೇ ಬೀದಿಯ ಪೂರ್ವಕ್ಕೆ ಪಾಂಟೇಜಸ್ ಚಿತ್ರಮಂದಿರ. 1958ರಲ್ಲಿ ಜಪಾನಿನ ಮಿಯೋಷಿ ಉಮೆಕಿ ‘ಸಯೊನಾರಾ’ ಚಿತ್ರಕ್ಕಾಗಿ ಇಲ್ಲಿ ಪ್ರಶಸ್ತಿ ಪಡೆದು, ಅಭಿನಯಕ್ಕಾಗಿ ಆಸ್ಕರ್ ಗೆದ್ದ ಮೊದಲ ಏಷ್ಯಾದ ನಟಿಯಾದರು. ವಿಧಿಯ ವಿಚಿತ್ರ! ವರ್ಷಗಳ ನಂತರ ಆಕೆ ಪ್ರತಿಮೆಯ ಮೇಲಿನ ತಮ್ಮ ಹೆಸರನ್ನು ಅಳಿಸಿ ಅದನ್ನು ಎಸೆದುಬಿಟ್ಟರಂತೆ. ಆಕೆಯ ಮಗ ಇದನ್ನು ಲೋಕಕ್ಕೆ ತಿಳಿಸಿದುದು 2018ರಲ್ಲಿ.

ವಿಲ್‌ಷೈರ್ ಮಾರ್ಗ ಕಡಲನ್ನು ಸೇರುವ ಸಾಂಟಾ ಮೋನಿಕಾದಲ್ಲಿ 1962ರಲ್ಲಿ ರೀಟಾ ಮೊರೆನೊ ‘ವೆಸ್ಟ್ ಸೈಡ್ ಸ್ಟೋರಿ’ಗಾಗಿ ಪ್ರಶಸ್ತಿ ಗೆದ್ದರು. ಪೋರ್ಟೊ ರಿಕೊದ ಹೆಣ್ಣಿನ ಪಾತ್ರ, ನಟಿಯೂ ಪೋರ್ಟೊ ರಿಕೊದವರೇ. ಆದರೂ ಸ್ಟುಡಿಯೋದವರು ಮುಖಕ್ಕೆ ಇನ್ನಷ್ಟು ಕಂದುಬಣ್ಣ ಬಳಿದರು. ಅಂದು ಧರಿಸಿದ್ದ ಜಪಾನೀ ಬಟ್ಟೆಯ ನಿಲುವಂಗಿಯನ್ನು ಆಕೆ ಜೋಪಾನವಾಗಿಟ್ಟುಕೊಂಡು, 56 ವರ್ಷಗಳ ತರುವಾಯ ಅದೇ ಸಮಾರಂಭಕ್ಕೆ ಮತ್ತೆ ತೊಟ್ಟು ಬಂದರು. ಧಾರೆಯ ಸೀರೆಯನ್ನು ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟಿರುವ ಗೃಹಿಣಿಯರಿಗೆ ಆಕೆಯ ಮನಸ್ಸು ಅರ್ಥವಾದೀತು.

ಹಾಲಿವುಡ್ಡಿನ ಹಳೆಯ ಶ್ಮಶಾನ ಈಗ ಬೇರೆಯವರ ಕೈಯಲ್ಲಿದೆ. ಹೊಸ ಒಡೆಯರು ಹ್ಯಾಟಿಯವರ ಅವಶೇಷಗಳನ್ನು ಅಲ್ಲಿಗೆ ತರಿಸಿಕೊಳ್ಳಲು ಮುಂದೆ ಬಂದರು. ಬಂಧುಗಳು ಗೋರಿಯನ್ನು ಕದಲಿಸಲು ಇಷ್ಟಪಡಲಿಲ್ಲ. ಆದುದರಿಂದ 1999ರಲ್ಲಿ, ಅಲ್ಲಿನ ಕೊಳದ ದಡದ ಹುಲ್ಲಿನ ಮೇಲೆ ಒಂದು ಕಲ್ಲಿನ ಸ್ಮಾರಕವನ್ನು ನಿಲ್ಲಿಸಲಾಯಿತು. ಅದರಡಿಯಲ್ಲಿ ಯಾರೂ ಇಲ್ಲ.

ಇನ್ನು ಆ ಫಲಕದ ಕಥೆ. ಹ್ಯಾಟಿ ಅದನ್ನು ವಾಷಿಂಗ್ಟನ್ನಿನ ಹೊವರ್ಡ್ ವಿಶ್ವವಿದ್ಯಾನಿಲಯಕ್ಕೆ ಸೇರಬೇಕೆಂದು ಮರಣಶಾಸನದಲ್ಲಿ ಬರೆದಿಟ್ಟಿದ್ದರು, ಸೇರಿತು ಕೂಡ. ಬಳಿಕ ಎಂದೋ ಕಾಣೆಯಾಯಿತು. ಪೊಟೋಮ್ಯಾಕ್ ನದಿಗೆ ಎಸೆದರೆಂಬ ವದಂತಿಯೂ ಹುಟ್ಟಿತು. ಶಾಲೆಯಾಗಿ ಮಾರ್ಪಟ್ಟ ಅಂಬಾಸಡರ್ ಹೋಟೆಲಿನಿಂದ ಅದೇ ವಿಲ್‌ಷೈರ್ ಮಾರ್ಗದಲ್ಲಿ ಮೂರು ನಾಲ್ಕು ಮೈಲಿ ಪಶ್ಚಿಮಕ್ಕೆ ಅಕಾಡೆಮಿಯ ವಸ್ತುಸಂಗ್ರಹಾಲಯವಿದೆ. 2021ರಲ್ಲಿ ಅದರ ಬಾಗಿಲು ತೆರೆದಾಗ, ವಿಜೇತರ ಪ್ರತಿಮೆಗಳನ್ನು ಸಾಲಾಗಿ ಇರಿಸಿದ್ದ ಕೋಣೆಯಲ್ಲಿ ಒಂದು ಗಾಜಿನ ಗೂಡನ್ನು ಹ್ಯಾಟಿಯವರ ಹೆಸರಿನಲ್ಲಿ ಬರಿದಾಗಿಯೇ ಬಿಟ್ಟಿದ್ದರು. 2023ರ ಅಕ್ಟೋಬರ್ 1ರಂದು ಅಕಾಡೆಮಿಯವರು ಹೊಸದೊಂದು ಫಲಕವನ್ನು ಹೊವರ್ಡ್ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದರು. ಈಗಿನ ಪೋಷಕ ನಟಿಯರಿಗೆ ಕೊಡುವ ಪ್ರತಿಮೆಯನ್ನಲ್ಲ. 1940ರಲ್ಲಿ ಆಕೆಯ ಕೈಗೆ ಇತ್ತಂತಹದೇ ಐದೂವರೆ ಅಂಗುಲದ ಫಲಕವನ್ನು.