ಸಗರನಾಡಿನ ಇರುಳುದಾರಿ

ಭೀಮಾನದಿಯ ಸೇತುವೆಯನ್ನು ದಾಟಿ ಯಾದಗಿರಿಯಿಂದ ಶಹಾಪುರದ ಕಡೆಗೆ ಹೊರಟ ಪ್ರವಾಸಿಗನಿಗೆ ಹಗಲಿನಲ್ಲಿ ದಾರಿ ಕೇಳಬೇಕಾದ ಪ್ರಮೇಯವಿಲ್ಲ. ಶಹಾಪುರದ ಬೆಟ್ಟಸಾಲು ಮಲಗಿದ ಬುದ್ಧನ ಆಕಾರದಲ್ಲಿ ದೂರದಿಂದಲೇ ಕಾಣಿಸಿಕೊಂಡು ಊರಿನ ಗುರುತನ್ನು ಹೇಳಿಬಿಡುತ್ತದೆ. ಕತ್ತಲಾದ ಮೇಲೆ ಬುದ್ಧನೂ ಇಲ್ಲ, ಬೆಟ್ಟವೂ ಇಲ್ಲ. ಗದ್ದೆಯೂ ಹತ್ತಿಯ ಹೊಲವೂ ಒಂದೇ ಕಪ್ಪು. ಆಗ ನಾವು ನಂಬಬೇಕಾದುದು ಹೆದ್ದಾರಿಗೆ ಅಡ್ಡಲಾಗಿ ತಲೆಯ ಮೇಲೆ ನಿಂತಿರುವ ಹಸಿರು ಹಲಗೆಯನ್ನೇ.

ಈ ಹಲಗೆಗೆ ತನ್ನದೇ ಆದ ದೀಪವಿಲ್ಲ, ಆದರೂ ಹೊಳೆಯುತ್ತದೆ. ಸಾಧಾರಣ ಕನ್ನಡಿಯು ಓರೆಯಾಗಿ ಬಿದ್ದ ಬೆಳಕನ್ನು ಆಚೆಗೆ ಎಸೆದುಬಿಡುವುದು. ಹಲಗೆಗೆ ಅಂಟಿಸಿದ ಹಾಳೆಯೊಳಗಿನ ಗಾಜಿನ ಮಣಿಗಳಾಗಲಿ, ಮೂರು ಮುಖಗಳು ಮೂಲೆಯಲ್ಲಿ ಕೂಡಿದ ಸೂಕ್ಷ್ಮ ಪಟ್ಟಕಗಳಾಗಲಿ ಬಂದ ಬೆಳಕನ್ನು ಬಂದ ದಾರಿಗೇ ಮರಳಿಸುತ್ತವೆ. ಇರುಳಿನಲ್ಲಿ ಬೆಕ್ಕಿನ ಕಣ್ಣು ಹೊಳೆಯುವುದೂ ಹೀಗೆಯೇ. ಇಂಗ್ಲೆಂಡಿನ ಪರ್ಸಿ ಷಾ ಎಂಬಾತನು ೧೯೩೪ರಲ್ಲಿ ಹಕ್ಕುಪತ್ರ ಪಡೆದ, ರಸ್ತೆಯಲ್ಲಿ ಹೂಳುವ ಗಾಜಿನ ಹೊಳಪುಗಳಿಗೆ 'ಬೆಕ್ಕಿನ ಕಣ್ಣು' ಎಂದೇ ಹೆಸರಾಯಿತು.

ತಲೆಯ ಮೇಲಿನ ಹಲಗೆಯ ಕಷ್ಟವೇ ಬೇರೆ. ಎದುರಿನ ಬಂಡಿಗೆ ಕಣ್ಣು ಕುಕ್ಕದಿರಲೆಂದು ನಮ್ಮ ದೀಪವನ್ನು ತಗ್ಗಿಸಿದೆವೆಂದರೆ ಬೆಳಕೆಲ್ಲ ನೆಲದ ಪಾಲು. ಐದು ಮೀಟರಿಗೂ ಮೇಲಿರುವ ಹಲಗೆಗೆ ಮುಟ್ಟುವುದು ಅತ್ಯಲ್ಪ. ಆದುದರಿಂದಲೇ ಅದಕ್ಕೆ ಮಣಿಗಳ ಅಗ್ಗದ ಹಾಳೆ ಸಾಲದು, ಪಟ್ಟಕಗಳ ಹಾಳೆಯೇ ಬೇಕು. ಅಲ್ಲಿಯೂ ಲಾರಿಯವನಿಗೆ ನಷ್ಟ: ಅವನ ಕಣ್ಣು ದೀಪಕ್ಕಿಂತ ಬಹಳ ಮೇಲಿರುವುದರಿಂದ, ದೀಪದ ಕಡೆಗೇ ಮರಳುವ ಬೆಳಕಿನಲ್ಲಿ ಅವನಿಗೆ ಸಿಕ್ಕುವುದು ಕಾರಿನವನಿಗಿಂತ ಕಡಿಮೆ. ಧೂಳು, ಚಳಿಗಾಲದ ಇಬ್ಬನಿ ಕೂಡಿದರೆ ಹೇಳತಕ್ಕದ್ದೇನು!

ಹೊಳಪು ಅತಿಯಾದರೂ ಕೆಡುಕೇ. ಬಿಳಿಯ ಗೆರೆಗಳು ಉಬ್ಬಿದಂತೆ ಕಂಡು ಅಕ್ಷರದ ನಡುವಣ ಬಯಲು ಮುಚ್ಚಿಹೋಗುವುದು. ದುಂಡಾದ ನಮ್ಮ ಲಿಪಿಗೆ ಇದು ದೊಡ್ಡ ಕಂಟಕ. 'ಪ'ಕಾರಕ್ಕೂ 'ಷ'ಕಾರಕ್ಕೂ ಒಡಲೊಳಗಿನ ಒಂದು ಗೀಟಷ್ಟೇ ಅಂತರವಲ್ಲವೆ? ಅದರ ಮೇಲೆ ಈ ಸೀಮೆಯ ಹೆಸರುಗಳನ್ನು ನೋಡಿರಿ. ಶಹಾಪುರ, ಸುರಪುರ ಎರಡರ ಬಾಲವೂ 'ಪುರ'. ಸುರಪುರವನ್ನು ಶೋರಾಪುರವೆಂದು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ತಲೆಯೂ ಒಂದೇ ಆಗುತ್ತದೆ. ಗಂಟೆಗೆ ೮೦ ಕಿಲೋಮೀಟರು ವೇಗದ ಬಂಡಿ ಸೆಕೆಂಡಿಗೆ ೨೨ ಮೀಟರು ಓಡುವುದು. ನೂರು ಮೀಟರಿನಿಂದ ಓದಬರುವ ಹೆಸರಿಗೆ ದೊರೆಯುವ ಕಾಲ ಐದು ಸೆಕೆಂಡೂ ಇಲ್ಲ. ಅಕ್ಷರವನ್ನು ದೊಡ್ಡದಾಗಿಯೂ ಬಿಡಿಬಿಡಿಯಾಗಿಯೂ ಬರೆಸಿ, ಕನ್ನಡವನ್ನು ಹಲಗೆಯ ಮೂಲೆಗೆ ಒತ್ತದಿದ್ದರೆ ಅರ್ಧ ಕಷ್ಟ ಪರಿಹಾರವಾದೀತೆಂದು ನಮ್ಮ ಎಣಿಕೆ.

ಶಹಾಪುರದಿಂದ ದಕ್ಷಿಣಕ್ಕೆ ೧೫೦ಎ ಹೆದ್ದಾರಿಯನ್ನು ಹಿಡಿದೆವು. ಹತ್ತಿಗೂಡೂರಿನಲ್ಲಿ ದೇವದುರ್ಗದ ದಾರಿ ಕವಲೊಡೆಯುತ್ತದೆ. ಊರವರು ಕಣ್ಣು ಮುಚ್ಚಿಯೂ ತಿರುಗಬಲ್ಲರು. ಪರಸ್ಥಳದ ಲಾರಿಯವನ ಪಾಡೇನು? ನಮ್ಮ ಮುಂದಿದ್ದವನು ಹೆಸರನ್ನು ತಡವಾಗಿ ಓದಿದನೋ ಏನೋ, ಥಟ್ಟನೆ ನಿಂತನು. ಅವನ ಬೆನ್ನಿಗೇ ಹಿಂದೀಪವಿಲ್ಲದ, ಹತ್ತಿ ಹೇರಿದ ಟ್ರ್ಯಾಕ್ಟರು. ದೈವವಶಾತ್ ಟ್ರ್ಯಾಕ್ಟರಿನ ತರುಣನು ಮಣ್ಣಿನ ಅಂಚಿಗೆ ಇಳಿಸಿ ಪಾರಾದನು. ಒಂದೆರಡು ಅಂಡಿಗೆ ಮಾತ್ರ ಉರುಳಿದವು. ಲಾರಿಯವನೂ ಕೆಳಗಿಳಿದು ಅವನ್ನು ಎತ್ತಿ ಹಾಕಲು ಕೈಗೂಡಿಸಿದನು.

ಸುರಪುರದ ಗುಡ್ಡಗಳು ಕತ್ತಲಲ್ಲಿ ಗೋಚರಿಸಲಿಲ್ಲ. ಟೇಲರ್ ಮಂಜಿಲಿನಲ್ಲಿ ಮೆಡೋಸ್ ಟೇಲರನು ವಾಸವಾಗಿದ್ದ ಕಾಲದಲ್ಲಿ ಇರುಳು ಪಯಣವೆಂದರೆ ಪಲ್ಲಕ್ಕಿಯ ಮುಂದೆ ದೀವಟಿಗೆಯವರು ಓಡುತ್ತಿದ್ದರಷ್ಟೆ. ನಾವು ಊರ ಮುಂದಿನ ಚಹಾದಂಗಡಿಯ ಬೆಳಕನ್ನು ಕಂಡು ಬಂಡಿಯನ್ನು ನಿಲ್ಲಿಸಿದೆವು.